ಉಪ್ಪಿನ ಬಯಲಿನ ಓಟ ಮತ್ತು ಒಂದು ಚೈನು

ನಿಮ್ಮ ಮನೆಯ ಮುಂದೆ ನಿಂತಿರುವ ಮೋಟಾರ್‌ಸೈಕಲ್ಲಿನ ಚೈನನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರ ಪಟ್ಟಿಗಳ ಮೇಲೆ ಒಂದು ಸಂಖ್ಯೆ ಒತ್ತಿರುತ್ತದೆ. ನೂರು, ನೂರೈವತ್ತು ಸಿ.ಸಿ. ಗಾಡಿಗಳಲ್ಲಿ ಅದು ಬಹುಮಟ್ಟಿಗೆ 428. ದೊಡ್ಡ ಗಾಡಿಗಳಲ್ಲಿ 520, 525 ಅಥವಾ 530. ಮೊದಲ ಅಂಕಿ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರವನ್ನು ಅಂಗುಲದ ಎಂಟನೇ ಭಾಗಗಳಲ್ಲಿ ಹೇಳುತ್ತದೆ. 5 ಎಂದರೆ ಎಂಟನೇ ಐದು ಅಂಗುಲ, ಅಂದರೆ 15.875 ಮಿಲಿಮೀಟರ್. ಈ ದೂರಕ್ಕೆ ಪಿಚ್ ಎಂದು ಹೆಸರು. ಉಳಿದ ಎರಡು ಅಂಕಿಗಳು ಒಳಗಿನ ಅಗಲಕ್ಕೆ ಸಂಬಂಧಿಸಿದವು. 520ರಲ್ಲಿ ಆ ಅಗಲ 6.35 ಮಿ.ಮೀ., 525ರಲ್ಲಿ 7.94, 530ರಲ್ಲಿ 9.53. ಪಿಚ್ ಒಂದೇ ಆದರೂ ಮೈಕಟ್ಟು ಬೇರೆ.

ಇಷ್ಟು ಸಣ್ಣ ವ್ಯತ್ಯಾಸದ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಜನರಿದ್ದಾರೆ. ಅಮೆರಿಕದ ಯೂಟಾ ರಾಜ್ಯದಲ್ಲಿ ವೆಂಡೋವರ್ ಊರಿನ ಬಳಿ ಬಾನ್‌ವಿಲ್ ಎಂಬ ಉಪ್ಪಿನ ಬಯಲಿದೆ. ಒಣಗಿದ ಪ್ರಾಚೀನ ಸರೋವರದ ತಳ ಅದು. 1949ರಿಂದ ಅಲ್ಲಿ 'ಸ್ಪೀಡ್ ವೀಕ್' ಎಂಬ ವೇಗದ ಪಂದ್ಯ ನಡೆಯುತ್ತ ಬಂದಿದೆ. ಮಳೆ ಬಂದು ಉಪ್ಪು ಕರಗಿದರೆ ಪಂದ್ಯವಿಲ್ಲ. 2014 ಮತ್ತು 2015ರಲ್ಲಿ ಹಾಗೇ ಆಯಿತು. ಇಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವುದಿಲ್ಲ, ತಿರುವುಗಳಿಲ್ಲ. ಸವಾರ ಒಬ್ಬನೇ ನೇರ ಗೆರೆಯಲ್ಲಿ ಓಡಿಸುತ್ತಾನೆ, ಅಳತೆಯ ಮೈಲಿಯಲ್ಲಿ ಅವನ ವೇಗವನ್ನು ಗಂಟೆಗೆ ಇಷ್ಟು ಮೈಲಿ ಎಂದು ದಶಮಾಂಶದ ಮೂರನೆಯ ಸ್ಥಾನದವರೆಗೆ ಬರೆದುಕೊಳ್ಳುತ್ತಾರೆ. 1948ರಲ್ಲಿ ರೋಲಿ ಫ್ರೀ ಎಂಬಾತ ಗಾಳಿಯ ತಡೆ ಕಡಿಮೆಯಾಗಲೆಂದು ಈಜುಡುಗೆ ತೊಟ್ಟು, ವಿನ್ಸೆಂಟ್ ಗಾಡಿಯ ಮೇಲೆ ಬೋರಲು ಮಲಗಿ 150.313 ಮೈಲಿ ವೇಗ ಮುಟ್ಟಿದ್ದು ಇದೇ ಬಯಲಿನಲ್ಲಿ. (ಇಂದು ಹಾಗೆ ಹೋದರೆ ತಪಾಸಕರು ಗೆರೆಯ ಹತ್ತಿರಕ್ಕೂ ಬಿಡುವುದಿಲ್ಲ.)

ಫ್ರೀ ಓಡಿಸಿದ್ದು ಕಾರ್ಖಾನೆಯವರೇ ವಿಶೇಷವಾಗಿ ಹದಗೊಳಿಸಿದ ಗಾಡಿ. ನಾನು ಹೇಳಹೊರಟಿರುವುದು ಅದಕ್ಕಿಂತ ಸಾಧಾರಣವಾದ, ನನ್ನ ಮಟ್ಟಿಗೆ ಅದಕ್ಕಿಂತ ಸ್ವಾರಸ್ಯವಾದ 'ಪ್ರೊಡಕ್ಷನ್' ವರ್ಗದ ಬಗ್ಗೆ. ಅಂಗಡಿಯಲ್ಲಿ ಸಾರ್ವಜನಿಕರಿಗೆ ಮಾರಿದ ಗಾಡಿ ಅದೇ ರೂಪದಲ್ಲಿ ಓಡಬೇಕು ಎಂಬುದು ಈ ವರ್ಗದ ತಿರುಳು. ಚೌಕಟ್ಟು, ಹೊರಮೈ, ಎಂಜಿನ್ನಿನ ಒಳಭಾಗ ಯಾವುದನ್ನೂ ಮನಸ್ಸಿಗೆ ಬಂದಂತೆ ತಿದ್ದುವ ಹಾಗಿಲ್ಲ. ಆದರೆ ಸ್ಪ್ರಾಕೆಟ್ಟಿನ ಹಲ್ಲುಗಳ ಸಂಖ್ಯೆಯನ್ನು ಬದಲಿಸಲು ಅವಕಾಶವಿದೆ. ಕೈಕಾಲು ಕಟ್ಟಿಹಾಕಿದವನಿಗೆ ಒಂದು ಬೆರಳು ಬಿಟ್ಟಂತೆ! ಹಾಗಾಗಿ ಎಲ್ಲರ ಬುದ್ಧಿಯೂ ಆ ಬೆರಳಿಗೇ ಬಂದು ಸೇರುತ್ತದೆ.

ಲೆಕ್ಕ ಸರಳ. ಮುಂದೆ 17, ಹಿಂದೆ 42 ಹಲ್ಲುಗಳಿದ್ದರೆ ಅನುಪಾತ 2.47. ಹಿಂದಿನದನ್ನು 45ಕ್ಕೆ ಏರಿಸಿದರೆ 2.65. ಅದರ ಬದಲು ಮುಂದೆ ಒಂದೇ ಹಲ್ಲು ಇಳಿಸಿ 16 ಮಾಡಿದರೂ 2.63 ಸಿಗುತ್ತದೆ. ಹಾಗಾದರೆ ಮುಂದಿನದನ್ನೇ ಚಿಕ್ಕದು ಮಾಡಬಾರದೇಕೆ? ಚೈನು ಹಲ್ಲುಚಕ್ರವನ್ನು ವೃತ್ತವಾಗಿ ಸುತ್ತುವುದಿಲ್ಲ, ಬಹುಭುಜವಾಗಿ ಸುತ್ತುತ್ತದೆ. ಹೀಗಾಗಿ ಪ್ರತಿ ಹಲ್ಲಿಗೂ ಅದರ ವೇಗ ಒಂದಿಷ್ಟು ಏರಿಳಿಯುತ್ತದೆ. 17 ಹಲ್ಲಿನ ಚಕ್ರದಲ್ಲಿ ಈ ಏರಿಳಿತ ಶೇಕಡ 1.7ರಷ್ಟು, 12 ಹಲ್ಲಿನದರಲ್ಲಿ ಶೇಕಡ 3.4. ಕೊಂಡಿಗಳು ಮಡಿಸುವ ಕೋನವೂ ಹೆಚ್ಚು, ಸವೆತವೂ ಹೆಚ್ಚು. ಆದ್ದರಿಂದ ತಿಳಿದವರು ಮುಂದಿನ ಚಕ್ರವನ್ನು ಆದಷ್ಟು ದೊಡ್ಡದಾಗಿಯೇ ಇಟ್ಟುಕೊಂಡು ಹಿಂದಿನದರಲ್ಲಿ ಹೊಂದಿಸುತ್ತಾರೆ.

ಬಯಲು ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದಲ್ಲಿದೆ, ನಮ್ಮ ಬೆಂಗಳೂರಿಗಿಂತಲೂ ಎತ್ತರ. ಗಾಳಿ ತೆಳುವಾದ್ದರಿಂದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಎದುರಿನ ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಲೆಕ್ಕ ಸರಿಹೋಯಿತು ಎಂದುಕೊಳ್ಳಬೇಡಿ. ಉಪ್ಪಿನ ಮೇಲೆ ಟೈರು ಉರುಳಲು ಬೇಕಾದ ಶಕ್ತಿ ಎತ್ತರದಿಂದ ಕಡಿಮೆಯಾಗುವುದಿಲ್ಲ. ಜೊತೆಗೆ ಹಿಂದಿನ ಚಕ್ರ ಸದಾ ಒಂದಿಷ್ಟು ಜಾರುತ್ತಲೇ ಇರುತ್ತದೆ. ಡಾಂಬರು ರಸ್ತೆಗೆ ಸರಿಹೊಂದಿದ ಅನುಪಾತ ಇಲ್ಲಿ ಭಾರವಾಗಿ, ಎಂಜಿನ್ ತನ್ನ ಗರಿಷ್ಠ ಶಕ್ತಿಯ ಸುತ್ತುಗಳಿಗೆ ಏರದೆ ಮುಕ್ಕಿರಿಯುತ್ತದೆ.

ಇನ್ನು ಚೈನಿನ ದಪ್ಪ. ಸುತ್ತು ದಾರಿಯ ಪಂದ್ಯಗಳಲ್ಲಿ 530 ಬಿಚ್ಚಿ 520 ಹಾಕುವುದು ಹಳೆಯ ರೂಢಿ. ಉತ್ಪಾದಿತ ಗಾಡಿಗಳನ್ನೇ ಆಧರಿಸಿದ ಸೂಪರ್‌ಸ್ಪೋರ್ಟ್ ವರ್ಗದಲ್ಲಿ ಚೈನಿನ ಪಿಚ್ ಮತ್ತು ಗಾತ್ರ ಎರಡನ್ನೂ ಬದಲಿಸಲು ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಒಪ್ಪುತ್ತದೆ. ಅಲ್ಲಿ ಪ್ರತಿ ತಿರುವಿನಿಂದಲೂ ಹೊಸದಾಗಿ ವೇಗ ಗಳಿಸಬೇಕು, ಆದ್ದರಿಂದ ತಿರುಗುವ ಭಾಗದ ಪ್ರತಿ ಗ್ರಾಮಿಗೂ ಬೆಲೆ. ಬಾನ್‌ವಿಲ್‌ನಲ್ಲಿ ಅಳತೆ ಶುರುವಾಗುವ ಮುನ್ನವೇ ಎರಡು ಮೈಲಿ ದಾರಿ ಸಿಗುತ್ತದೆ. ತೂಕದ ಲಾಭ ಅಲ್ಲಿಗೆ ಹೊತ್ತಿಗೆ ಕರಗಿಹೋಗಿರುತ್ತದೆ. ಉಳಿಯುವುದು ಘರ್ಷಣೆಯ ಉಳಿತಾಯ ಮಾತ್ರ.

ಅದೆಷ್ಟು? ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಚೈನಿನಲ್ಲಿ ಶೇಕಡ ಒಂದರಷ್ಟು ಶಕ್ತಿ ಉಳಿಸಿದರೂ ವೇಗ ಏರುವುದು ಅದರ ಮೂರನೇ ಒಂದು ಪಾಲು. 150 ಮೈಲಿ ವೇಗದಲ್ಲಿ ಅದು ಅರ್ಧ ಮೈಲಿ. ನಗಬೇಡಿ, ಮೂರು ದಶಮಾಂಶದವರೆಗೆ ಬರೆಯುವ ದಾಖಲೆಯಲ್ಲಿ ಅರ್ಧ ಮೈಲಿ ದೊಡ್ಡದೇ. ಆದರೆ ಆ ಶೇಕಡ ಒಂದನ್ನು ತೆಳು ಚೈನಿನಿಂದಲೇ ತರಬೇಕಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ ಚೈನು, ನೇರವಾಗಿ ಕೂಡದ ಹಿಂದಿನ ಚಕ್ರ, ಒಣಗಿದ ಕೊಂಡಿಗಳು ಇವು ತಿನ್ನುವ ಶಕ್ತಿಯನ್ನು ಮೊದಲು ಉಳಿಸಬೇಕು. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗ ಸರಿಯೆನಿಸುವ ಸಡಿಲ, ಸವಾರ ಕೂತು ಹಿಂದಿನ ಸ್ಪ್ರಿಂಗು ಇಳಿದಾಗ ಸಾಲದೆ ಹೋಗಬಹುದು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಅಚ್ಚು ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತ್ಯಂತ ಬಿಗಿ. ಸಡಿಲವನ್ನು ನೋಡಬೇಕಾದ್ದು ಆ ಸ್ಥಿತಿಯಲ್ಲಿ.

ರಬ್ಬರ್ ಉಂಗುರಗಳಿರುವ 'ಓ ರಿಂಗ್' ಚೈನಿನ ವಿಷಯದಲ್ಲೂ ಇದೇ ಚರ್ಚೆ. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಉಂಗುರಗಳ ಬಿಗಿ ಕೈಗೇ ಗೊತ್ತಾಗುತ್ತದೆ, ಸಾದಾ ಚೈನು ಹಗುರವಾಗಿ ಸುತ್ತುತ್ತದೆ. ಆದರೆ ಕೈಯಲ್ಲಿ ತಿರುಗಿಸುವಾಗ ಚೈನಿನ ಮೇಲೆ ಭಾರವೇ ಇರುವುದಿಲ್ಲ. ಪಿನ್ನಿನೊಳಗಿನ ಗ್ರೀಸನ್ನು ಹಿಡಿದಿಟ್ಟು ಒದ್ದೆ ಉಪ್ಪನ್ನು ಹೊರಗಿಡುವ ಕೆಲಸವನ್ನು ಆ ಉಂಗುರಗಳೇ ಮಾಡಬೇಕು. ನಾನಾದರೆ ಉಂಗುರವಿರುವುದನ್ನೇ ಹಾಕಿಯೇನು.

ತೆಳು ಚೈನು ತುಂಡಾಗುವುದಿಲ್ಲವೆ? ನೂರು ಅಶ್ವಶಕ್ತಿಯ ಗಾಡಿ 150 ಮೈಲಿ ವೇಗದಲ್ಲಿರುವಾಗ ಚೈನು ಸೆಕೆಂಡಿಗೆ ಸುಮಾರು 21 ಮೀಟರ್ ಓಡುತ್ತಿರುತ್ತದೆ, ಅದರ ಮೇಲಿನ ಎಳೆತ ಸುಮಾರು 360 ಕಿಲೋಗ್ರಾಂ ಭಾರದಷ್ಟು. ಒಳ್ಳೆಯ 520 ಚೈನು ಇದರ ಹಲವು ಪಟ್ಟು ತಾಳುತ್ತದೆ. ಆದರೆ ಇದು ಸಮಸ್ಥಿತಿಯ ಲೆಕ್ಕ. ಉಪ್ಪಿನಲ್ಲಿ ಜಾರುತ್ತಿದ್ದ ಚಕ್ರ ಗಟ್ಟಿ ನೆಲ ಸಿಕ್ಕೊಡನೆ ಹಿಡಿದುಕೊಂಡಾಗ ಬೀಳುವ ಹೊಡೆತ ಬೇರೆ. ಆಗ ಸೋಲುವುದು ಹೆಚ್ಚಾಗಿ ಪಟ್ಟಿಗಳಲ್ಲ, ಎರಡು ತುದಿಗಳನ್ನು ಜೋಡಿಸುವ ಕೊಂಡಿ.

ಈ ಮಾತನ್ನು ನಾನು ಓದಿ ತಿಳಿದಿದ್ದಲ್ಲ. ಬಿ.ಎಸ್ಸಿ. ಓದುವಾಗ ಸೋದರಮಾವನ ಹಳೆಯ ಗಾಡಿಯನ್ನು ಹಿರಿಯೂರಿನ ಕಡೆ ಓಡಿಸಿಕೊಂಡು ಹೋಗುತ್ತಿದ್ದೆ. ಹಿಂದಿನ ವಾರವಷ್ಟೇ ಒಬ್ಬ ಮೆಕ್ಯಾನಿಕ್ ಚೈನ್ ಲಾಕನ್ನು ತಿರುಗುಮುರುಗಾಗಿ ಕೂರಿಸಿದ್ದನಂತೆ. ಲಾಕು ಹಾರಿತು, ಚೈನು ಕಳಚಿ ಮುಂದಿನ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡಿತು, ಹಿಂದಿನ ಚಕ್ರ ಬಿಗಿದು ನಿಂತಿತು. ಐವತ್ತು ಕಿಲೋಮೀಟರ್ ವೇಗವಿದ್ದಿದ್ದಕ್ಕೆ ಮೊಣಕಾಲು ತರಚಿದ್ದಷ್ಟೆ. "ಚೈನ್ ಹೋದ್ರೆ ಹೋಗ್ಲಿ, ಕಾಲು ಉಳೀತಲ್ಲ" ಎಂದರು ಮಾವ. ಗಂಟೆಗೆ 240 ಕಿಲೋಮೀಟರಿನಲ್ಲಿ ಕಳಚಿದ ಚೈನಿನ ಪಕ್ಕದಲ್ಲೇ ಸವಾರನ ಕಾಲಿರುತ್ತದೆ.

ಅದಕ್ಕೇ ಬಲ್ಲವರು ಲಾಕಿನ ಬದಲು ರಿವೆಟ್ ಕೊಂಡಿ ಹಾಕುತ್ತಾರೆ. ಲಾಕೇ ಹಾಕಿದರೆ ಅದನ್ನು ಸಣ್ಣ ತಂತಿಯಿಂದ ಕಟ್ಟುತ್ತಾರೆ, ಇಲ್ಲವೇ ಸಿಲಿಕೋನ್ ಮೆತ್ತುತ್ತಾರೆ. ಸುತ್ತು ದಾರಿಯ ಪಂದ್ಯಗಳಲ್ಲಿ ಚೈನಿನ ಕೆಳಭಾಗ ಹಿಂದಿನ ಸ್ಪ್ರಾಕೆಟ್ಟನ್ನು ಸೇರುವ ಜಾಗಕ್ಕೆ ಶಾರ್ಕ್ ಮೀನಿನ ಈಜುರೆಕ್ಕೆಯಂಥ ಒಂದು ಗಟ್ಟಿ ರಕ್ಷಣೆ ಕಡ್ಡಾಯ. ಬಿದ್ದವನ ಬೆರಳೋ ಪಾದವೋ ಅಲ್ಲಿ ಸಿಕ್ಕಬಾರದೆಂದು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕೆಂದು ಹೇಳುವುದೂ ಇಂಥದೇ ಕಾರಣಕ್ಕೆ, ಹಿಂದೆ ಕೂತವರ ಸೆರಗು ಸಿಕ್ಕಬಾರದೆಂದು. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ.

ಬಾನ್‌ವಿಲ್‌ನಲ್ಲಿ ಒಂದೇ ಓಟಕ್ಕೆ ದಾಖಲೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹಳೆಯ ದಾಖಲೆಯನ್ನು ಮೀರಿದ ಗಾಡಿಯನ್ನು ಕಾವಲಿನ ಜಾಗದಲ್ಲಿ ನಿಲ್ಲಿಸುತ್ತಾರೆ. ಮರುದಿನ ಬೆಳಿಗ್ಗೆ ಅದು ಮತ್ತೆ ಓಡಬೇಕು, ಎರಡು ಓಟಗಳ ಸರಾಸರಿಯೇ ಲೆಕ್ಕಕ್ಕೆ. ಮೊದಲ ದಿನ ಅರ್ಧ ಮೈಲಿ ಗಳಿಸಿಕೊಟ್ಟ ಚೈನು ಎರಡನೆಯ ದಿನ ಎಳೆದುಕೊಂಡು ಹಲ್ಲು ಹಾರಿದರೆ ಆ ಗಳಿಕೆ ಯಾರಿಗೂ ಸಲ್ಲುವುದಿಲ್ಲ.

ನಿಮ್ಮ ಗಾಡಿಯಲ್ಲಿ ಚೈನ್ ಲಾಕ್ ಇದ್ದರೆ ಚೈನ್ ಕವರಿನ ಕಿಂಡಿ ತೆರೆದು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ನೋಡಿ. ಲಾಕು ಚೈನಿನ ಮೇಲಿನ ಸಾಲಿಗೆ ಬಂದಾಗ ಅದರ ಮುಚ್ಚಿದ ತುದಿ ಎಂಜಿನ್ ಕಡೆಗೂ ಸೀಳಿದ ಬಾಯಿ ಹಿಂದಿನ ಚಕ್ರದ ಕಡೆಗೂ ಇರಬೇಕು.