ಮನೆಯೊಳಗೇ ಮಗ್ಗ, ಕಿವಿಗೆ ಎಲ್ಲಿ ರಜೆ?

ವಿದೇಶದ ಕೆಲವು ಕುಟುಂಬಗಳು ಮನೆ ಮಾರಿ, ಹಾಯಿದೋಣಿ ಕೊಂಡು, ಮಕ್ಕಳನ್ನೂ ಕಟ್ಟಿಕೊಂಡು ಸಮುದ್ರದ ಮೇಲೇ ಬದುಕುತ್ತವೆ. ಅವರ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ನೀಲಿ ನೀರು, ಸೂರ್ಯಾಸ್ತ, ಡೆಕ್ ಮೇಲೆ ಪುಸ್ತಕ ಹಿಡಿದು ಕೂತ ಮಗು. ಇದಕ್ಕೆ ಇನ್ನೊಂದು ಮುಖವೂ ಇದೆ. ಉಪ್ಪುನೀರು ಲೋಹವನ್ನು ತಿನ್ನುತ್ತೆ, ದೋಣಿಯ ತಳಕ್ಕೆ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ, ಹಾಯಿ ಹರಿಯುತ್ತೆ, ಪಂಪು ಕೆಡುತ್ತೆ. ಒಂದೇ ಮೇಜಿನ ಮೇಲೆ ಅಪ್ಪನ ಆಫೀಸ್ ಕೆಲಸ, ಮಕ್ಕಳ ಪಾಠ, ರಿಪೇರಿ ಸಾಮಾನು. ಮನೆ, ದುಡಿಮೆ, ಯಂತ್ರ ಮೂರೂ ಒಂದೇ ಸೂರಿನಡಿ ಸೇರಿದ್ರೆ ಹೀಗೇ ಆಗೋದು.

ಇದನ್ನು ನೋಡೋಕೆ ಸಮುದ್ರಕ್ಕೆ ಹೋಗಬೇಕಿಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರಕ್ಕೆ ಬನ್ನಿ. ಸೀರೆಗೆ ಹೆಸರಾದ ಊರು. ಇಲ್ಲಿನ ಎಷ್ಟೋ ಮನೆಗಳಲ್ಲಿ ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಒಂದು ಗೋಡೆ. ಕೆಲವು ಕಡೆ ಆ ಗೋಡೆಯೂ ಇಲ್ಲ. ಗಂಡ ಮಗ್ಗದ ಹತ್ತಿರ ನಿಂತ್ರೆ, ಹೆಂಡತಿ ಕಂಡಿಕೆ ಸುತ್ತುತ್ತಾರೆ, ಅಜ್ಜಿ ದಾರ ಬಿಡಿಸ್ತಾರೆ. ಮಗು ಅಲ್ಲೇ ಹೋಂವರ್ಕ್ ಮಾಡುತ್ತೆ, ಅಲ್ಲೇ ಮಲಗುತ್ತೆ.

ಎಂಜಿನಿಯರಿಂಗ್ ಓದಿದ ನನಗೆ ಯಂತ್ರ ಕಂಡ ಕೂಡಲೇ ಮೊದಲು ಅದರ ಸದ್ದಿನ ಕಡೆ ಗಮನ ಹೋಗುತ್ತೆ. ಈ ಸದ್ದು ಎಲ್ಲಿಂದ ಬರುತ್ತೆ ನೋಡಿ. ನೇಯೋದು ಅಂದ್ರೆ ಮೂರು ಕೆಲಸ. ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡಿ ದಾರಿ ಬಿಡಿಸೋದು, ಆ ದಾರಿಯಲ್ಲಿ ಹೊಕ್ಕಿನ ದಾರ ಹೊತ್ತ ಲಾಳಿಯನ್ನು ಓಡಿಸೋದು, ಹಣಿಗೆಯಿಂದ ಆ ದಾರವನ್ನು ಬಡಿದು ಕೂರಿಸೋದು. ಹಳೇ ಮಾದರಿಯ ಮಗ್ಗದಲ್ಲಿ ಲಾಳಿಯನ್ನು ಒಂದು ಕೋಲು ಫಟ್ ಅಂತ ಹೊಡೆದು ಕಳಿಸುತ್ತೆ. ಆ ಕಡೆ ಪೆಟ್ಟಿಗೆಯಲ್ಲಿ ಅದು ಧಡ್ ಅಂತ ನಿಲ್ಲುತ್ತೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಹೊಡೆತಕ್ಕೆ ಕೊಟ್ಟ ಶಕ್ತಿಯಲ್ಲಿ ಒಂದಷ್ಟು ಸದ್ದಾಗಿ, ನಡುಕವಾಗಿ ಮನೆಯೊಳಗೆ ಹರಡುತ್ತೆ.

ಸದ್ದನ್ನು ಡೆಸಿಬಲ್‌ನಲ್ಲಿ ಅಳೀತಾರೆ. ಈ ಲೆಕ್ಕ ಸ್ವಲ್ಪ ವಿಚಿತ್ರ. 3 ಡೆಸಿಬಲ್ ಏರಿತು ಅಂದ್ರೆ ಸದ್ದಿನ ಶಕ್ತಿ ದುಪ್ಪಟ್ಟು. ಒಂದು ಮಗ್ಗದ ಪಕ್ಕ ಅಂಥದ್ದೇ ಇನ್ನೊಂದು ಓಡಿದ್ರೆ ಸುಮಾರು 3 ಡೆಸಿಬಲ್ ಹೆಚ್ಚು, ನಾಲ್ಕು ಓಡಿದ್ರೆ 6. ಲಾಳಿ ಮಗ್ಗಗಳ ಶೆಡ್‌ನಲ್ಲಿ 90 ಡೆಸಿಬಲ್ ದಾಟೋದು ಮಾಮೂಲು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ ಪ್ರಕಾರ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ನಮ್ಮ ದೇಶದಲ್ಲಿ ಕಾರ್ಖಾನೆಗಳಿಗೆ ಒಪ್ಪಿಕೊಂಡ ಮಿತಿ 8 ಗಂಟೆಗೆ 90. ಆದ್ರೆ ಎರಡು ಮಗ್ಗದ ಮನೆ ಕಾನೂನಿನ ಕಣ್ಣಿಗೆ ಕಾರ್ಖಾನೆ ಅಲ್ಲ. ಇನ್ನು 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಅಂತಿದೆ. ಅದು ನೋಡೋದು ಬೀದಿಯ ಸದ್ದನ್ನು. ಗೋಡೆಯೊಳಗಿನ ಮಗುವಿನ ಕಿವಿಯನ್ನು ಯಾರು ನೋಡ್ತಾರೆ?

ಕಾರ್ಖಾನೆ ಕಾರ್ಮಿಕನಿಗೆ ಶಿಫ್ಟ್ ಮುಗಿದ ಮೇಲೆ ಕಿವಿಗೆ ಬಿಡುವು ಸಿಗುತ್ತೆ. ಇಲ್ಲಿ ಊಟ, ನಿದ್ದೆ, ಬಾಣಂತನ ಎಲ್ಲ ಆ ಸದ್ದಿನಲ್ಲೇ. ಮಗ್ಗದ ಮನೆಯವರು ಒಂದು ಮಾತು ಹೇಳ್ತಾರೆ: ಮಗ್ಗ ಓಡ್ತಿದ್ರೆ ಕೂಸು ಮಲಗಿರುತ್ತೆ, ಕರೆಂಟ್ ಹೋದ್ರೆ ಎಚ್ಚರ ಆಗುತ್ತೆ. ಮನಸ್ಸು ಸದ್ದಿಗೆ ಹೊಂದಿಕೊಳ್ಳುತ್ತೆ ನಿಜ, ಕಿವಿ ಹೊಂದಿಕೊಳ್ಳಲ್ಲ. ಒಳಕಿವಿಯಲ್ಲಿ ಸದ್ದನ್ನು ಹಿಡಿಯೋ ಸೂಕ್ಷ್ಮ ರೋಮಕೋಶಗಳಿವೆ. ಸತ್ತವು ಮತ್ತೆ ಹುಟ್ಟಲ್ಲ. ಮೊದಲು ಹೋಗೋದು 4000 ಹರ್ಟ್ಸ್ ಆಸುಪಾಸಿನ ತೆಳುವಾದ ಸದ್ದು. ಸ್ವರಗಳು ಕೇಳುತ್ತವೆ, ಸ, ಶ, ಚ ತರದ ಅಕ್ಷರಗಳು ಮಸುಕಾಗುತ್ತವೆ. ‘ಕೇಳಿಸುತ್ತೆ, ಅರ್ಥ ಆಗಲ್ಲ’ ಅಂತಾರೆ. ಟಿವಿ ವಾಲ್ಯೂಮ್ ಏರಿಸ್ತಾರೆ. ವಯಸ್ಸಾಯ್ತು ಅಂದ್ಕೊಂಡು ಸುಮ್ಮನಾಗ್ತಾರೆ.

ಇಲ್ಲೇ ದೋಣಿಯ ಹೋಲಿಕೆ ಕೆಲಸಕ್ಕೆ ಬರೋದು. ದೋಣಿಯವರಿಗೆ ರಿಪೇರಿ ಕೂಡ ದಿನಚರಿ. ಮಾಡದಿದ್ರೆ ಮುಳುಗ್ತಾರೆ ಅಂತ ಗೊತ್ತು. ನೇಕಾರನಿಗೆ ಕೂಲಿ ಸಿಗೋದು ಸೀರೆ ಲೆಕ್ಕದಲ್ಲಿ. ಹಾಸು ಹೊಂದಿಸಿದ ದಿನ, ಬೋಲ್ಟು ಬಿಗಿ ಮಾಡಿದ ದಿನ, ಎಣ್ಣೆ ಬಿಟ್ಟ ದಿನ ಕೈಗೆ ಕಾಸಿಲ್ಲ. ಹಾಗಾಗಿ ಓಡೋ ತನಕ ಓಡಲಿ ಅಂತ ಬಿಡ್ತಾರೆ. ಒಣಗಿದ ಗೇರು, ಸಡಿಲವಾದ ಬೋಲ್ಟು, ಸವೆದ ಭಾಗ ಎಲ್ಲವೂ ಸದ್ದನ್ನು ಏರಿಸ್ತವೆ. ನಿರ್ವಹಣೆ ಅಂದ್ರೆ ಬರೀ ಮಗ್ಗದ ಆಯಸ್ಸಲ್ಲ, ಮನೆಯವರ ಕಿವಿಯ ಆಯಸ್ಸೂ ಹೌದು.

ಹಾಗಾದ್ರೆ ಏನು ಮಾಡಬಹುದು? ಮಗ್ಗದ ಕಾಲಿನ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಇಟ್ರೆ ನೆಲ, ಗೋಡೆಗೆ ಹರಿಯೋ ನಡುಕ ಕಮ್ಮಿ ಆಗುತ್ತೆ. ಗಾಳಿಯಲ್ಲಿ ಬರೋ ಸದ್ದು ಮಾತ್ರ ಹಾಗೇ ಇರುತ್ತೆ. ಅದಕ್ಕೆ ಮಲಗೋ ಕೋಣೆಗೆ ಸೂರಿನವರೆಗೆ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಕಿವಿಗೆ ಹತ್ತಿ ತುರುಕಿದ್ರೆ ಹೆಚ್ಚು ಪ್ರಯೋಜನ ಇಲ್ಲ. ಸರಿಯಾಗಿ ಹಾಕಿದ ಫೋಮ್ ಇಯರ್‌ಪ್ಲಗ್ ಬಹಳ ವಾಸಿ. ಲಾಳಿ ಇಲ್ಲದ ರೇಪಿಯರ್ ಮಗ್ಗಗಳಲ್ಲಿ ಲಾಳಿಯ ಆ ಬಡಿತವೇ ಇಲ್ಲ. ಅವುಗಳ ಬೆಲೆ ಮಾತ್ರ ಸಣ್ಣ ನೇಕಾರನ ಕೈಗೆ ಎಟಕೋದಲ್ಲ.

2023ರಲ್ಲಿ ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಿಸಿತು. ಒಳ್ಳೇದು, ಬೇಕಾಗಿತ್ತು. ಆದ್ರೆ ಮಗ್ಗ ಓಡಿಸೋಕೆ ಕೊಟ್ಟ ಗಮನವನ್ನು ಓಡಿಸೋರ ಕಿವಿಗೂ ಕೊಡಬೇಕಲ್ವಾ? ಕಿವುಡುತನ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ಇದೆ. ಶ್ರವಣ ಪರೀಕ್ಷೆಗೆ ಅರ್ಧ ಗಂಟೆ ಸಾಕು. ನೇಕಾರರ ಬೀದಿಯ ಆರೋಗ್ಯ ಶಿಬಿರದಲ್ಲಿ ಬಿಪಿ, ಶುಗರ್ ಪಕ್ಕ ಕಿವಿ ಪರೀಕ್ಷೆಗೂ ಒಂದು ಟೇಬಲ್ ಹಾಕಿ. ಸಬ್ಸಿಡಿ ಪಟ್ಟಿಯಲ್ಲಿ ರಬ್ಬರ್ ಪ್ಯಾಡ್‌ಗೂ ಒಂದು ಸಾಲು ಸೇರಿಸಿ. ಮೊದಲು ಮಕ್ಕಳಿಂದ ಶುರು ಮಾಡಿ. ಮಗ್ಗ ಬೇಡ ಅನ್ನೋ ಆಯ್ಕೆಯನ್ನು ಆ ಮಕ್ಕಳಿಗೆ ಯಾರೂ ಕೊಟ್ಟಿಲ್ಲ. ಕಿವಿಯನ್ನಾದ್ರೂ ಉಳಿಸಿಕೊಡೋಣ.