ಪಿನಾಕಿನಿಯ ನೊರೆಗೆ ಹೊಣೆ ಯಾರು?

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆಯ ಮಾರ್ಗವಾಗಿ ಹರಿದುಬರುವ ದಕ್ಷಿಣ ಪಿನಾಕಿನಿ, ನಮ್ಮ ಹೊಸೂರು ಸೀಮೆಗೆ ಕಾಲಿಟ್ಟೊಡನೆ ತೆನ್‌ಪೆಣ್ಣೈ ಎನಿಸಿಕೊಳ್ಳುತ್ತಾಳೆ. ಕೆಲವರಪಲ್ಲಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಹೆಸರು ಎರಡಾದರೂ ನೀರು ಒಂದೇ. ನೀರಿನೊಡನೆ ಬರುವ ಕೊಳೆಯೂ ಒಂದೇ.

ಮಳೆ ಸುರಿದು ಕೆಲವರಪಲ್ಲಿ ಜಲಾಶಯದ ಬಾಗಿಲುಗಳನ್ನು ತೆರೆದಾಗ ಹೊಳೆಯ ತುಂಬ ಬಿಳಿಯ ನೊರೆ ಏಳುವುದನ್ನು ಈ ಭಾಗದ ವಾಚಕರು ಅನೇಕ ವರ್ಷಗಳಿಂದ ಕಂಡಿದ್ದಾರೆ. ಇದರ ಮೂಲವೇನೂ ಗುಟ್ಟಲ್ಲ. ಬೆಂಗಳೂರಿನ ಒಂದು ದೊಡ್ಡ ಭಾಗದ ಚರಂಡಿ ನೀರು ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಇಳಿದು, ಅಲ್ಲಿಂದ ಪಿನಾಕಿನಿಯನ್ನು ಕೂಡುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿಯೇ ಹತ್ತಿತ್ತು. ಬಟ್ಟೆ ಒಗೆಯುವ ಪುಡಿಯ ಅಂಶವುಳ್ಳ ನೀರು ಎತ್ತರದಿಂದ ಧುಮುಕಿ ಗಾಳಿಯೊಡನೆ ಬೆರೆತಾಗ ನೊರೆ ಏಳುತ್ತದೆ. ಕಣ್ಣಿಗೆ ಕಾಣದ ಕೇಡು ಇನ್ನೂ ದೊಡ್ಡದು. ಚರಂಡಿಯ ಸಾರಜನಕ, ರಂಜಕಗಳನ್ನುಂಡು ನೀರುಕಳೆ ಕೊಬ್ಬುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ವ್ಯಯವಾಗಿ ಮೀನುಗಳು ಉಸಿರುಗಟ್ಟುತ್ತವೆ. ಅದೇ ನೀರು ಗದ್ದೆ ತೋಟಗಳಿಗೂ ಹರಿಯುತ್ತದೆ.

ಈ ನದಿಯ ವ್ಯಾಜ್ಯ ಹಳೆಯದು. 1892ರಲ್ಲಿ ಮದ್ರಾಸು ಮತ್ತು ಮೈಸೂರು ಸರಕಾರಗಳ ನಡುವೆ ಹೊಸ ನೀರಾವರಿ ಕಾಮಗಾರಿಗಳ ಕುರಿತು ಒಪ್ಪಂದವಾಯಿತು. ಮಾರ್ಕಂಡೇಯ ಹೊಳೆಯ ಅಣೆಕಟ್ಟಿನ ವಿಷಯವಾಗಿ ತಮಿಳುನಾಡು 2018ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವಾದವೆಲ್ಲ ಎಷ್ಟು ನೀರು ಎಂಬುದರ ಸುತ್ತ. ಎಂತಹ ನೀರು ಎಂದು ಕೇಳುವವರು ವಿರಳ. ನೀರಿಗೆ ಇಬ್ಬರು ಹಕ್ಕುದಾರರು, ಕೊಳೆಗೆ ಒಬ್ಬನೂ ಇಲ್ಲ!

ಕಾನೂನಿಗೆ ಕೊರತೆಯಿಲ್ಲ. 1974ರ ಜಲಮಾಲಿನ್ಯ ಕಾಯಿದೆಯ 16ನೆಯ ವಿಧಿಯು ರಾಜ್ಯ ಮಂಡಳಿಗಳ ನಡುವಣ ವಿವಾದಗಳನ್ನು ಬಗೆಹರಿಸುವ ಹೊಣೆಯನ್ನು ಕೇಂದ್ರ ಮಂಡಳಿಗೆ ವಹಿಸಿದೆ. ಬೇಕಾದುದು ಬಿಡದೆ ಕೇಳುವ ಜನ.

ಈ ಮಾತಿಗೆ ಸಮುದ್ರದಾಚೆಯ ನಿದರ್ಶನವೊಂದಿದೆ. 2009ರ ಆಗಸ್ಟಿನಲ್ಲಿ ತಿಮೋರ್ ಸಮುದ್ರದ ಮೊಂಟಾರ ಎಂಬಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ನೀರಿನೊಳಗಣ ಎಣ್ಣೆಬಾವಿಯೊಂದು ಸಿಡಿದು, ಎಪ್ಪತ್ತಕ್ಕೂ ಹೆಚ್ಚು ದಿನ ಎಣ್ಣೆ ಸೋರಿತು. ಎಣ್ಣೆಗೆ ಗಡಿಯ ಗೊತ್ತೆಲ್ಲಿ? ಅದು ಇಂಡೊನೇಷಿಯದ ತೀರಕ್ಕೆ ಸಾಗಿ, ಕಡಲಪಾಚಿ ಬೆಳೆಯುವ ಬಡವರ ಜೀವನೋಪಾಯವನ್ನು ಕೆಡಿಸಿತು. ಅವರು ಎದೆಗುಂದದೆ ಆಸ್ಟ್ರೇಲಿಯದ ನ್ಯಾಯಾಲಯದಲ್ಲಿಯೇ ದಾವೆ ಹೂಡಿದರು, 2021ರಲ್ಲಿ ಗೆದ್ದರು, 2022ರಲ್ಲಿ 19 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮಿಗಿಲಾದ ಪರಿಹಾರಕ್ಕೆ ಒಪ್ಪಂದವಾಯಿತು. ಕೊಳೆ ಎಲ್ಲಿಂದ ಬಂದಿತೋ ಅಲ್ಲಿಗೇ ದೂರು ಹೋಗಬೇಕೆಂಬುದು ಇದರ ಪಾಠ.

ಆ ಪಾಚಿಬೆಳೆಗಾರರಿಗೆ ಇಲ್ಲದ ಅನುಕೂಲ ನಮಗುಂಟು. ಬೆಂಗಳೂರಿನ ಭಾಷೆ ನಮ್ಮ ಮನೆಮಾತು. ಚೆನ್ನೈಯ ಭಾಷೆ ನಮ್ಮ ಕಚೇರಿಯ ಮಾತು. ನೊರೆ ಬಂದ ದಿನ, ಮೀನು ಸತ್ತ ದಿನ, ಬಾವಿಯ ನೀರು ಬಣ್ಣಗೆಟ್ಟ ದಿನ ಇವುಗಳನ್ನು ಗ್ರಾಮದವರು ಬರೆದಿಡಲಿ. ಆ ಬರಹ ಕನ್ನಡದಲ್ಲಿ ಕರ್ನಾಟಕದ ಮಂಡಳಿಗೂ ತಮಿಳಿನಲ್ಲಿ ತಮಿಳುನಾಡಿನ ಮಂಡಳಿಗೂ ಹೋಗಲಿ. ಬೆಂಗಳೂರಿನಲ್ಲಿರುವ ನಂಟರಿಗೂ ಈ ಸಂಗತಿ ತಿಳಿಯಲಿ. ಅವರ ಬಚ್ಚಲಿನ ನೀರೇ ನಮ್ಮ ಹೊಲದ ನೀರು.

ಜೊತೆಗೆ ಹೊಸೂರಿನ ಚರಂಡಿ, ಕಾರ್ಖಾನೆಗಳ ಮೇಲೂ ಕಣ್ಣಿರಬೇಕು. ಕೃಷ್ಣಗಿರಿಯ ರೈತನ ಪಾಲಿಗೆ ನಾವೂ ಮೇಲ್ದಂಡೆಯವರೇ ಅಲ್ಲವೆ?