ಬಣ್ಣವಿಲ್ಲದ ಬಣ್ಣದ ಸೂಜಿ

ಬಿಳಿಚೋಡಿನಿಂದ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಸ್ಕ್ಯಾನಿಂಗ್‌ಗೆ ಹೊರಟವರ ಕೈಯಲ್ಲಿ ಹಳೆಯ ಎಕ್ಸ್‌ರೇ ಕವರು, ತಲೆಯಲ್ಲಿ ಊರವರು ತುಂಬಿ ಕಳಿಸಿದ ಮಾತು. ‘ಮೈಯೊಳಗೆ ಬಣ್ಣ ಬಿಡ್ತಾರಂತೆ’, ‘ಡೈ ಹಾಕಿದ್ರೆ ಕಿಡ್ನಿ ಹೋಗ್ತಾವಂತೆ’, ‘ಹನಿ ನೀರೂ ಕುಡೀಬಾರ್ದಂತೆ’. ಈ ಅಂತೆಗಳಲ್ಲಿ ಒಂದಕ್ಕೆ ಅಷ್ಟಿಷ್ಟು ಬುಡವಿದೆ, ಉಳಿದವು ಗಾಳಿಮಾತು. ಹೆದರಬೇಕಾದ ಕಡೆ ಸುಮ್ಮನಿದ್ದು, ಹೆದರಬೇಕಿಲ್ಲದ ಕಡೆ ಬೆವರುತ್ತೇವೆ, ಅಷ್ಟೇ.

ಮೊದಲ ಗೊಂದಲ ಹೆಸರಿನದೇ. ಡೈ ಅಂದರೆ ತಲೆಗೂದಲಿಗೆ ಹಚ್ಚುವುದು ನೆನಪಾಗುವುದು ಸಹಜ. ಆದರೆ ಸಿ.ಟಿ. ಸ್ಕ್ಯಾನ್‌ಗೆ ಕೊಡುವ ಈ ‘ಡೈ’, ಅಂದರೆ ಕಾಂಟ್ರಾಸ್ಟ್, ನೀರಿನ ಹಾಗೆ ತಿಳಿಯಾಗಿರುತ್ತದೆ. ಅದರಲ್ಲಿರುವ ಅಯೋಡಿನ್ ಎಕ್ಸ್‌ರೇ ಕಿರಣಗಳನ್ನು ತಡೆಯುವುದರಿಂದ ರಕ್ತನಾಳ, ಗಡ್ಡೆಗಳು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಸಿಫಿಲಿಸ್‌ಗೆಂದು ಸೋಡಿಯಂ ಅಯೋಡೈಡ್ ಪಡೆಯುತ್ತಿದ್ದ ರೋಗಿಗಳ ಮೂತ್ರಕೋಶ ಎಕ್ಸ್‌ರೇಯಲ್ಲಿ ಕಂಡಿದ್ದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 1923ರಲ್ಲಿ ಪ್ರಕಟಿಸಿದರು. ಅಲ್ಲಿಂದ ಬೆಳೆದ ವಿದ್ಯೆ ಇದು. ಔಷಧಿಯಲ್ಲಿ ವಿಕಿರಣವಿಲ್ಲ, ಅದೇನಿದ್ದರೂ ಯಂತ್ರದ್ದು. ಮೈ, ಮೂತ್ರ ಹಳದಿಯಾಗುವುದು ಅಕ್ಷಿಪಟಲದ ಪರೀಕ್ಷೆಗೆ ಕೊಡುವ ಫ್ಲೋರೆಸಿನ್‌ನಿಂದ. ಎಂ.ಆರ್.ಐ.ಗೆ ಕೊಡುವುದು ಗ್ಯಾಡೊಲಿನಿಯಂ. ಮೂರೂ ಬೇರೆ ಬೇರೆ ವಸ್ತುಗಳು. ಪಕ್ಕದ ಮನೆಯವರಿಗೆ ಆದದ್ದು ನಿಮಗೂ ಆಗುತ್ತದೆ ಎನ್ನುವ ಮೊದಲು ಅವರಿಗೆ ಕೊಟ್ಟದ್ದು ಯಾವುದು ಎಂದು ಕೇಳಿ.

‘ನನಗೆ ಮೀನು ಆಗಿಬರಲ್ಲ, ಅಯೋಡಿನ್ ಅಲರ್ಜಿ ಇರಬೇಕು.’ ಇದನ್ನು ಓದಿದವರೂ ನಂಬುತ್ತಾರೆ. ಸೂಳೆಕೆರೆಯ ಮೀನಾಗಲಿ, ಕರಾವಳಿಯ ಸಿಗಡಿಯಾಗಲಿ, ತಿಂದು ಮೈ ತುರಿಸಿದರೆ ಅದಕ್ಕೆ ಕಾರಣ ಅವುಗಳಲ್ಲಿರುವ ಪ್ರೋಟೀನು. ಅಯೋಡಿನ್ನೇ ಆಗದಿದ್ದರೆ ಅಡುಗೆ ಉಪ್ಪನ್ನೂ ಬಿಡಬೇಕಾಗಿತ್ತು. ನಮ್ಮ ಥೈರಾಯ್ಡ್ ಹಾರ್ಮೋನಿನೊಳಗೇ ಅದು ಕೂತಿದೆಯಲ್ಲ! ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ ಇದ್ದರೆ ಮಾತ್ರ ಈ ಅಯೋಡಿನ್ ಅದನ್ನು ಕೆರಳಿಸಬಹುದು. ಅದು ಅಲರ್ಜಿಯಲ್ಲ, ಆದರೂ ಮೊದಲೇ ಹೇಳಬೇಕಾದ ಸಂಗತಿ. ಆಸ್ತಮಾ ಇರುವುದನ್ನೂ, ಹಿಂದೆ ಡೈ ಹಾಕಿದಾಗ ಗಂಧೆ ಎದ್ದದ್ದನ್ನೂ, ಉಸಿರು ಕಟ್ಟಿದ್ದನ್ನೂ ಹೇಳಬೇಕು. ‘ಹೇಳಿದ್ರೆ ವಾಪಸ್ ಕಳಿಸ್ತಾರೆ’ ಎಂದು ಮುಚ್ಚಿಡುವವರಿದ್ದಾರೆ. ಮೀನಿನ ಕಥೆ ಹೇಳಿ ಇದನ್ನು ನುಂಗಿಕೊಂಡರೆ ಏನು ಬಂತು?

ಇನ್ನು ಕಿಡ್ನಿ. ಬುಡವಿದೆ ಎಂದದ್ದು ಇದಕ್ಕೇ. ಹಿಂದಿನ ಕಾಲದ ಡೈಗಳು ರಕ್ತಕ್ಕಿಂತ ಬಹಳ ಗಾಢವಾಗಿದ್ದವು, ತೊಂದರೆಯೂ ಹೆಚ್ಚಿತ್ತು. ಈಗಿನವು ಸೌಮ್ಯ. ಆರೋಗ್ಯವಂತ ಕಿಡ್ನಿ ಒಂದು ದಿನದೊಳಗೆ ಇದನ್ನು ಹೆಚ್ಚುಕಡಿಮೆ ಪೂರ್ತಿ ಹೊರಹಾಕುತ್ತದೆ. ಕ್ರಿಯಾಟಿನಿನ್ ವರದಿಯಿಂದ ಲೆಕ್ಕ ಹಾಕುವ ಇ.ಜಿ.ಎಫ್.ಆರ್. (ಕಿಡ್ನಿ ಸೋಸುವ ವೇಗದ ಅಂದಾಜು) 30ಕ್ಕಿಂತ ಕೆಳಗಿದ್ದವರಿಗೆ, ಕಿಡ್ನಿಗೆ ಆಗಷ್ಟೇ ಪೆಟ್ಟು ಬಿದ್ದವರಿಗೆ ನಿಜವಾದ ಎಚ್ಚರ ಬೇಕು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆ ಮಾತ್ರೆಯನ್ನು 48 ಗಂಟೆ ನಿಲ್ಲಿಸಲು ಹೇಳುವುದೂ ಮುಖ್ಯವಾಗಿ ಇಂಥವರಿಗೇ. ಮಾತ್ರೆಗೂ ಡೈಗೂ ಜಗಳವಿಲ್ಲ. ಕಿಡ್ನಿ ಸೋತರೆ ಮಾತ್ರೆ ಮೈಯಲ್ಲಿ ಶೇಖರವಾಗುತ್ತದೆ ಎಂಬ ಮುಂಜಾಗ್ರತೆ.

ಜಗಳೂರು ಸೀಮೆಯವರಿಗೆ ಇಲ್ಲೊಂದು ಮಾತು ಹೆಚ್ಚಿಗೆ ಹೇಳಬೇಕು. ಬೋರಿನ ಫ್ಲೋರೈಡ್ ನೀರು ಕುಡಿದು ಮಂಡಿ, ಸೊಂಟ ಹಿಡಿದುಕೊಂಡವರು ಇಲ್ಲಿ ಕಡಿಮೆಯಿಲ್ಲ. ನೋವಿನ ಮಾತ್ರೆಯನ್ನು ಎಲೆಅಡಿಕೆಯಂತೆ ದಿನವೂ ಬಾಯಿಗೆ ಹಾಕಿಕೊಳ್ಳುವ ಹಿರಿಯರೂ ಇದ್ದಾರೆ. ಕಿಡ್ನಿಯನ್ನು ಸದ್ದಿಲ್ಲದೆ ತಿನ್ನಬಲ್ಲದ್ದು ಆ ಮಾತ್ರೆ. ಒಮ್ಮೆ ಹೋಗುವ ಡೈ ಬಗ್ಗೆ ಗಾಬರಿಪಟ್ಟು ವರ್ಷಗಟ್ಟಲೆ ನುಂಗಿದ್ದನ್ನು ಮರೆಯುವುದು ವಿಚಿತ್ರ. ಸ್ಕ್ಯಾನ್ ಕೋಣೆಯಲ್ಲಿ ಅದನ್ನೂ ಹೇಳಿ.

ನೀರಿನ ವಿಷಯವೂ ಕಿಡ್ನಿಗೇ ಅಂಟಿಕೊಂಡದ್ದು. ಬೇಸಿಗೆಯಲ್ಲಿ ಬೆಳಗಿನಿಂದ ಬಾಯಿ ಒಣಗಿಸಿಕೊಂಡು ಬಸ್ಸಿನಲ್ಲಿ ಕುಳಿತು ಬಂದ ದೇಹ ಬತ್ತಿರುತ್ತದೆ. ಡೈ ಹೊರಹಾಕಬೇಕಾದ ಕಿಡ್ನಿಗೆ ಅದು ಒಳ್ಳೆಯದಲ್ಲ. ಈಗಿನ ಡೈಗೆ ಉಪವಾಸ ಬೇಕಿಲ್ಲ ಎನ್ನುತ್ತವೆ ಯುರೋಪಿನ ಮಾರ್ಗಸೂಚಿಗಳು. ಮಂಪರು ಬರಿಸಿ ಮಾಡುವ ಪರೀಕ್ಷೆ, ಹೊಟ್ಟೆಯ ಕೆಲವು ಪರೀಕ್ಷೆಗಳ ನಿಯಮ ಬೇರೆ. ‘ಊಟ ಬಿಡಬೇಕಾ, ನೀರೂ ಬಿಡಬೇಕಾ?’ ಎಂದು ಹಿಂದಿನ ದಿನವೇ ಬಿಡಿಸಿ ಕೇಳಿ. ಹೃದಯ, ಕಿಡ್ನಿ ಕಾಯಿಲೆಗೆ ನೀರಿನ ಅಳತೆ ಇಟ್ಟಿದ್ದರೆ ಆ ಅಳತೆ ಮೀರಬಾರದು.

ಬಾಣಂತಿಯರು ಹಾಲು ಹಿಂಡಿ ಚೆಲ್ಲಬೇಕಿಲ್ಲ. ಹಾಲಿಗೆ ಸೇರುವುದು ಡೈನ ಶೇ. 1ಕ್ಕಿಂತ ಕಡಿಮೆ, ಅದರಲ್ಲೂ ಮಗುವಿನ ಕರುಳು ಹೀರುವುದು ಶೇ. 1ಕ್ಕಿಂತ ಕಡಿಮೆ.

ಸೂಜಿ ಹೋದೊಡನೆ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಹರಿಯುತ್ತದೆ, ಬಾಯಿ ಕಬ್ಬಿಣ ನೆಕ್ಕಿದಂತಾಗುತ್ತದೆ, ಮೂತ್ರ ಹೋಯಿತೇನೋ ಅನಿಸುತ್ತದೆ. ಹೋಗಿರುವುದಿಲ್ಲ! ಇದು ಅಲರ್ಜಿಯೂ ಅಲ್ಲ, ಕೆಲವೇ ಕ್ಷಣದ್ದು. ನಿಜವಾದ ಗಂಭೀರ ಪ್ರತಿಕ್ರಿಯೆ ವಿರಳ: 3 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ನೋಡಿ 1990ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಹಳೆಯ ಡೈಗೆ 10 ಸಾವಿರಕ್ಕೆ 22, ಹೊಸದಕ್ಕೆ 4. ಅಂಥದ್ದು ಹೆಚ್ಚಾಗಿ ಬರುವುದು ಮೊದಲ 20 ನಿಮಿಷಗಳಲ್ಲಿ. ಅಡ್ರಿನಲಿನ್ ಕೈಗೆಟುಕುವಲ್ಲಿ ಇದ್ದರೆ ನಿಭಾಯಿಸಬಹುದು. ‘ಬಸ್ಸು ತಪ್ಪುತ್ತೆ’ ಎಂದು ಸೂಜಿ ಕೀಳುತ್ತಲೇ ಓಡುವವರನ್ನು ಅರ್ಧ ಗಂಟೆ ಕೂರಿಸುವುದು ಇದಕ್ಕೇ.

ಕೂತಿರುವಾಗ ಒಂದು ಕೆಲಸ ಮಾಡಿಸಿಕೊಳ್ಳಿ: ಹಾಕಿದ ಡೈನ ಹೆಸರು, ಎಷ್ಟು ಮಿಲಿ ಲೀಟರ್, ಏನಾದರೂ ಆಯಿತೇ ಎಂಬುದನ್ನು ಚೀಟಿಯಲ್ಲಿ ಬರೆಸಿ ಆ ಎಕ್ಸ್‌ರೇ ಕವರಿನೊಳಗೆ ಹಾಕಿ. ತೊಂದರೆ ಆಗಿದ್ದರೆ ಮುಂದಿನ ಸಲ ಬೇರೆ ಡೈ ಆರಿಸಲು ವೈದ್ಯರು ಮೊದಲು ಹುಡುಕುವುದು ಆ ಹೆಸರನ್ನೇ.